ಬೇಸಿಗೆ ಕೊನೆಗೆ ಹುಬ್ಬಳ್ಳಿ-ಧಾರವಾಡಕ್ಕೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ಅರ್ಧ ಕಳೆಯಿತು ಅಂದರೆ ನಮ್ಮ ಮನೆಯ ಫೋನಿಗೆ ಬಿಡುವಿಲ್ಲ. ಬೆಂಗಳೂರು, ಮೈಸೂರಿನಲ್ಲಿರುವ ನೆಂಟರು, ನೆಂಟರ ಸ್ನೇಹಿತರು, ಮಕ್ಕಳನ್ನು ಇಲ್ಲಿ ಕಾಲೇಜಿಗೆ ಸೇರಿಸಲು ಬರುವ ಅಪ್ಪ-ಅಮ್ಮಂದಿರು ಎಲ್ಲರೂ ಹೆಚ್ಚುಕಡಿಮೆ ಅದೇ ಪ್ರಶ್ನೆ ಕೇಳುತ್ತಾರೆ. ನಾನು ಧಾರವಾಡದ ಮಾಳಮಡ್ಡಿಯವಳು. ಕೆಲಸಕ್ಕೆ ವರ್ಷಗಟ್ಟಲೆ ಹುಬ್ಬಳ್ಳಿಗೆ ಅಪ್-ಡೌನ್ ಮಾಡಿದ್ದೇನೆ. ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಬೇಸಿಗೆ ಕೊನೆ ಅಂದರೆ ಸರಿಯಾಗಿ ಯಾವಾಗ ಬರಬೇಕು?

ನನ್ನನ್ನು ಕೇಳಿದರೆ ಮೇ 20ರಿಂದ ಜೂನ್ ಮೊದಲ ವಾರದೊಳಗೆ ಬನ್ನಿ. ಏಪ್ರಿಲ್‌ನ ಕಾವು ಅಷ್ಟೊತ್ತಿಗೆ ಸ್ವಲ್ಪ ಇಳಿದಿರುತ್ತದೆ. ಮಾವು ಇನ್ನೂ ಮಾರುಕಟ್ಟೆಯಲ್ಲಿ ಇರುತ್ತದೆ. ಸಂಜೆಗೊಂದು ಮಳೆ ಬಿದ್ದರೂ ಬೀಳಬಹುದು.

ನಮ್ಮ ಕಡೆ ಹಿರಿಯರು ತಾರೀಖಿಗಿಂತ ಮಳೆ ನಕ್ಷತ್ರ ನೋಡಿ ಲೆಕ್ಕ ಹಾಕುತ್ತಾರೆ. ಮೇ 25ರ ಸುಮಾರಿಗೆ ರೋಹಿಣಿ ಕೂಡುತ್ತದೆ. ಜೂನ್ 7-8ಕ್ಕೆ ಮೃಗಶಿರಾ, ನಮ್ಮ ಬಾಯಲ್ಲಿ ಮಿರಗ. ಮಿರಗ ಕೂಡಿತು ಅಂದರೆ ರೈತರು ಬಿತ್ತನೆಗೆ ಸಿದ್ಧ, ಬೇಸಿಗೆ ಮುಗಿಯಿತು ಅಂತಲೇ ಅರ್ಥ. ಆದರೆ ಮಳೆ ಯಾರ ಮಾತನ್ನೂ ಕೇಳುವುದಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ತಲುಪಿತ್ತು, ಅಂದರೆ ವಾಡಿಕೆಗಿಂತ ಒಂದು ವಾರ ಮುಂಚೆ. ಆದ್ದರಿಂದ ಟಿಕೆಟ್ ಮಾಡಿಸಿ, ಜೊತೆಗೆ ಛತ್ರಿಯನ್ನೂ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಮೇ ಕೊನೆಗೆ ಶಾಲೆ ಶುರುವಾಗುತ್ತವೆ. ಆ ಎರಡು-ಮೂರು ದಿನ ಬಸ್ಸು, ರೈಲು ಕಿಕ್ಕಿರಿದಿರುತ್ತವೆ. ಊರಿಗೆ ಹೋದವರೆಲ್ಲ ಒಟ್ಟಿಗೇ ಮರಳುತ್ತಾರೆ, ಅಲ್ವಾ? ಆಗ ಪ್ರಯಾಣ ಬೇಡ.

ಬಿಸಿಲು ತಡೆದುಕೊಳ್ಳಲು ಆಗುತ್ತದಾ?

ಆಗುತ್ತದೆ, ಆದರೆ ಒಂದು ಷರತ್ತು ಇದೆ. ಮಧ್ಯಾಹ್ನವನ್ನು ಬಿಟ್ಟುಕೊಡಬೇಕು.

ಮೇ ತಿಂಗಳಲ್ಲಿ ಇಲ್ಲಿ ಹಗಲು 35ರಿಂದ 38 ಡಿಗ್ರಿವರೆಗೆ ಹೋಗುತ್ತದೆ. ಹುಬ್ಬಳ್ಳಿಗಿಂತ ಧಾರವಾಡ ಎತ್ತರದಲ್ಲಿದೆ, ಮರವೂ ಜಾಸ್ತಿ, ಹಾಗಾಗಿ ಒಂದಿಷ್ಟು ತಂಪು. ಹೊರಗಿನಿಂದ ಬಂದವರು ಮಾಡುವ ತಪ್ಪು ಅಂದರೆ ನೋಡುವ ಜಾಗಗಳ ಪಟ್ಟಿ ಹಿಡಿದು ಬೆಳಿಗ್ಗೆ ಹತ್ತಕ್ಕೆ ಹೊರಡುವುದು. ಹತ್ತಕ್ಕೆ ಹೊರಟರೆ ಹನ್ನೆರಡಕ್ಕೆ ಎಲ್ಲರೂ ಸುಸ್ತು, ಮಕ್ಕಳು ಅಳು, ದೊಡ್ಡವರಿಗೆ ತಲೆನೋವು. ಇಲ್ಲಿಯವರು ಹಾಗೆ ಬದುಕುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೊರಗೆ ಬಿದ್ದು ಹತ್ತರೊಳಗೆ ಕೆಲಸ ಮುಗಿಸುತ್ತೇವೆ. ಊಟ ಮಾಡಿ, ಕಿಟಕಿ ಅರ್ಧ ಮುಚ್ಚಿ, ಒಂದು ನಿದ್ದೆ ತೆಗೆಯುತ್ತೇವೆ. ಐದಕ್ಕೆ ಚಾ ಕುಡಿದು ಮತ್ತೆ ಹೊರಗೆ. ನೀವೂ ಹಾಗೇ ಮಾಡಿ. ದಿನಕ್ಕೆ ಎರಡೇ ಜಾಗ ನೋಡಿದರೂ ಮನಸ್ಸಿಗೆ ಉಳಿಯುತ್ತವೆ.

ಕುಡಿಯಲು ಮಜ್ಜಿಗೆ, ಲಿಂಬು ಶರಬತ್ತು, ಎಳನೀರು ಸಿಗುತ್ತದೆ. ಕಬ್ಬಿನ ಹಾಲು ಮೂಲೆ ಮೂಲೆಯಲ್ಲಿ ಇದೆ. ಅದಕ್ಕೆ ಹಾಕುವ ಬರ್ಫ ಬೇಡ ಎಂದು ಮೊದಲೇ ಹೇಳಿ. ಬಿಸಿಲಿನಲ್ಲಿ ಕೆಲವು ಕಡೆ ಅರವಟಿಗೆ ಇಟ್ಟಿರುತ್ತಾರೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರುತ್ತದೆ, ಆದರೂ ಪ್ರಯಾಣದಲ್ಲಿ ಇರುವವರು ತಮ್ಮ ಬಾಟಲಿ ತಂದುಕೊಳ್ಳುವುದೇ ಒಳ್ಳೆಯದು.

ಮಳೆ ಬಂದರೆ ಪ್ರವಾಸ ಹಾಳಾಗುತ್ತಾ?

ಈ ಹೊತ್ತಿನ ಮಳೆ ಇಡೀ ದಿನ ಹಿಡಿಯುವುದಿಲ್ಲ. ಮಧ್ಯಾಹ್ನ ಧಗೆ ಜೋರಾಗುತ್ತದೆ, ಎಲೆ ಅಲ್ಲಾಡುವುದಿಲ್ಲ. ಮೂರು-ನಾಲ್ಕರ ಹೊತ್ತಿಗೆ ಮೋಡ ಕಟ್ಟುತ್ತದೆ. ಆಮೇಲೆ ಧೂಳಿನ ಗಾಳಿ, ಸಿಡಿಲು, ಕೆಲವೊಮ್ಮೆ ಆಣೆಕಲ್ಲು. ಒಂದು ತಾಸು ಹೊಡೆದು ನಿಂತುಬಿಡುತ್ತದೆ. ಆ ನಂತರದ ಸಂಜೆ ಇದೆಯಲ್ಲ, ಅದಕ್ಕಾಗಿಯೇ ಬರಬೇಕು. ಕರಿಮಣ್ಣಿನ ವಾಸನೆ, ತೊಳೆದಂಥ ಗುಲ್‌ಮೊಹರ್ ಹೂವು, ಬಿಸಿ ಮಿರ್ಚಿ ಭಜಿ.

ಗಾಳಿ ಎದ್ದಾಗ ಮಾತ್ರ ಹುಷಾರಾಗಿರಿ. ಧಾರವಾಡದ ಹಳೆಯ ಮರಗಳ ಕೊಂಬೆ ಮುರಿದು ಬೀಳುತ್ತವೆ. ಮರದ ಕೆಳಗೆ ನಿಲ್ಲಬೇಡಿ, ಗಾಡಿ ನಿಲ್ಲಿಸಬೇಡಿ. ಕರೆಂಟ್ ಹೋಗುವುದು ಸಾಮಾನ್ಯ, ಮೊಬೈಲ್ ಮೊದಲೇ ಚಾರ್ಜ್ ಮಾಡಿಕೊಳ್ಳಿ.

ಎಷ್ಟು ದಿನ ಬೇಕು?

ಮೂರು ದಿನ. ಒಂದು ಹುಬ್ಬಳ್ಳಿಗೆ, ಒಂದು ಧಾರವಾಡಕ್ಕೆ, ಒಂದು ಗದಗಕ್ಕೆ. ಎರಡೇ ದಿನ ಇದ್ದರೆ ಗದಗ ಬಿಡಿ, ಧಾರವಾಡ ಬಿಡಬೇಡಿ.

ಉಳಿಯುವುದು ಹುಬ್ಬಳ್ಳಿಯಲ್ಲಾ, ಧಾರವಾಡದಲ್ಲಾ?

ಎರಡೂ ಊರಿಗೆ 1962ರಿಂದ ಒಂದೇ ಮಹಾನಗರಪಾಲಿಕೆ. ನಡುವೆ ಸುಮಾರು 20 ಕಿಲೋಮೀಟರ್. ಆದರೂ ಅವು ಒಂದೇ ಊರಲ್ಲ, ಸ್ವಭಾವವೇ ಬೇರೆ. ಹುಬ್ಬಳ್ಳಿ ವ್ಯಾಪಾರದ ಊರು. ರೈಲು, ವಿಮಾನ, ದೊಡ್ಡ ಅಂಗಡಿ, ರಾತ್ರಿಯವರೆಗೂ ಜನ. ಧಾರವಾಡ ಓದಿನ ಊರು, ಸಂಗೀತದ ಊರು. ಇಲ್ಲಿ ಜನ ನಿಂತು ಮಾತನಾಡುತ್ತಾರೆ.

ಲಾಡ್ಜ್, ಹೋಟೆಲ್ ಹೆಚ್ಚು ಇರುವುದು ಹುಬ್ಬಳ್ಳಿಯಲ್ಲಿ, ಅದರಲ್ಲೂ ಸ್ಟೇಷನ್ ಸುತ್ತ ಮತ್ತು ಗೋಕುಲ ರಸ್ತೆಯಲ್ಲಿ. ರಾತ್ರಿ ರೈಲು ಹಿಡಿಯುವವರಿಗೆ ಅದೇ ಅನುಕೂಲ. ವಯಸ್ಸಾದವರ ಜೊತೆ ಬರುವವರಿಗೆ ನಾನು ಧಾರವಾಡವನ್ನೇ ಹೇಳುತ್ತೇನೆ. ಬೆಳಿಗ್ಗೆ ಬಾಗಿಲು ತೆಗೆದರೆ ಹಕ್ಕಿಯ ದನಿ ಕೇಳುತ್ತದೆ.

ಮೇ ತಿಂಗಳು ಮದುವೆಯ ಕಾಲ, ಮುಹೂರ್ತ ಜೋರಾಗಿದ್ದ ವಾರ ಒಂದು ರೂಮೂ ಸಿಗುವುದಿಲ್ಲ. ಅಧಿಕ ಮಾಸ ಬಂದ ವರ್ಷ ಮಾತ್ರ ಬೇರೆ. 2026ರಲ್ಲಿ ಜ್ಯೇಷ್ಠವೇ ಅಧಿಕ ಮಾಸ, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಮದುವೆ ಗದ್ದಲ ಕಡಿಮೆ. ರೂಮ್ ಹಿಡಿಯುವ ಮುಂಚೆ ಫೋನ್ ಮಾಡಿ ನೀರಿನ ಬಗ್ಗೆ ಕೇಳಿ. ಹಿಂದೊಮ್ಮೆ ನನ್ನ ಚಿಕ್ಕಮ್ಮನ ಮನೆಯವರನ್ನು ಒಂದು ಲಾಡ್ಜಿನಲ್ಲಿ ಇಳಿಸಿದ್ದೆ. ಬೆಳಿಗ್ಗೆ ಸ್ನಾನಕ್ಕೆ ಲಾಡ್ಜಿನವರು ಒಂದೇ ಬಕೆಟ್ ನೀರು ಕೊಟ್ಟರು, ನನಗೆ ಮುಖ ತೋರಿಸಲು ಆಗಲಿಲ್ಲ. ಎಂಟು ಜನ ಬಂದಿದ್ದರು.

ಬೆಂಗಳೂರಿನಿಂದ ಹೇಗೆ ಬರುವುದು?

ರಾತ್ರಿ ರೈಲು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಇಲ್ಲಿ. ತಂಪು ಹೊತ್ತಿನಲ್ಲೇ ಇಳಿಯುತ್ತೀರಿ, ಮೊದಲ ದಿನ ಪೂರ್ತಿ ಕೈಗೆ ಸಿಗುತ್ತದೆ. ಹಗಲು ಬರಬೇಕು ಅನ್ನುವವರಿಗೆ ಧಾರವಾಡದವರೆಗೆ ವಂದೇ ಭಾರತ್ ಇದೆ, 2023ರ ಜೂನ್‌ನಲ್ಲಿ ಶುರುವಾದದ್ದು. ಅದು ಇಲ್ಲಿ ಮುಟ್ಟುವುದು ಮಧ್ಯಾಹ್ನದ ಹೊತ್ತಿಗೆ, ಇಳಿದ ಕೂಡಲೇ ಊಟ, ವಿಶ್ರಾಂತಿ ಎಂದಿಟ್ಟುಕೊಳ್ಳಿ.

ಮೈಸೂರಿನಿಂದ ಬರುವ ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಗದಗ ದಾಟಿ ಹುಬ್ಬಳ್ಳಿಗೆ ಬರುತ್ತದೆ. ಇದರಲ್ಲಿ ಬರುವವರು ಗದಗದಲ್ಲೇ ಇಳಿದು ಮೊದಲ ದಿನವೇ ಲಕ್ಕುಂಡಿ ಮುಗಿಸಬಹುದು. ಎಷ್ಟೋ ಜನಕ್ಕೆ ಈ ಉಪಾಯ ಹೊಳೆಯುವುದಿಲ್ಲ.

ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಮೇ ಕೊನೆಗೆ ಬರಬೇಕಾದರೆ ಮಾರ್ಚ್ ಕೊನೆಗೇ ಕೂತು ಮಾಡಿಸಿ. ರಸ್ತೆಯಲ್ಲಿ ಬಂದರೆ ಸುಮಾರು 410 ಕಿಲೋಮೀಟರ್, ಬೆಳಿಗ್ಗೆ ಐದಕ್ಕೆ ಬಿಟ್ಟರೆ ಉರಿಬಿಸಿಲಿಗೆ ಮುಂಚೆ ಮುಟ್ಟಬಹುದು. ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲಿದೆ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಟ?

ಚಿಗರಿ ಬಸ್ಸು ಹತ್ತಿ. ಚಿಗರಿ ಅಂದರೆ ನಮ್ಮ ಕಡೆಯ ಮಾತಿನಲ್ಲಿ ಕೃಷ್ಣಮೃಗ. ಬಿಆರ್‌ಟಿಎಸ್ ಯೋಜನೆಯ ಈ ಬಸ್ಸುಗಳಿಗೆ ರಸ್ತೆಯ ನಡುವೆ ಬೇರೆಯದೇ ದಾರಿ ಇದೆ. 2018ರಲ್ಲಿ ಪ್ರಯೋಗಕ್ಕೆ ಓಡಿದವು, 2020ರ ಫೆಬ್ರವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆ ಆಯಿತು. ನಿಲ್ದಾಣದ ಕಿಟಕಿಯಲ್ಲೇ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕು, ಬಸ್ಸಿನಲ್ಲಿ ಕಂಡಕ್ಟರ್ ಬರುವುದಿಲ್ಲ. ಹೊಸಬರು ಇಲ್ಲೇ ತಬ್ಬಿಬ್ಬಾಗುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ, ಸಂಜೆ ಆರಕ್ಕೆ ನೌಕರರು, ವಿದ್ಯಾರ್ಥಿಗಳು ತುಂಬಿರುತ್ತಾರೆ, ಆ ಹೊತ್ತು ತಪ್ಪಿಸಿ.

ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ. ಗುರುತಿನ ಚೀಟಿ ಪರ್ಸಿನಲ್ಲಿ ಇರಲಿ. ಆಟೋದವರ ಹತ್ತಿರ ಹತ್ತುವ ಮುಂಚೆಯೇ ದರ ಮಾತಾಡಿ.

ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ನೋಡಬಹುದಾ?

ನೋಡಬಹುದು. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 8ನೇ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಇದೆ, ಉದ್ಘಾಟನೆ ಆದದ್ದು 2023ರ ಮಾರ್ಚ್‌ನಲ್ಲಿ. ನಿಮ್ಮ ರೈಲು ಅಲ್ಲಿಗೇ ಬಂದರೆ ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ವಿಚಾರಿಸಿ. ಒಂದೂವರೆ ಕಿಲೋಮೀಟರ್ ಲಗೇಜು ಹೊತ್ತು ನಡೆಯುವುದು ಹಿರಿಯರಿಗೆ ಕಷ್ಟ.

ಹುಬ್ಬಳ್ಳಿಯಲ್ಲಿ ಒಂದು ದಿನ ಏನು ಮಾಡಲಿ?

ಬೆಳಿಗ್ಗೆ ನೃಪತುಂಗ ಬೆಟ್ಟ ಹತ್ತಿ. ಸಣ್ಣ ಗುಡ್ಡ, ಮೇಲೆ ಗಾಳಿ ಚೆನ್ನಾಗಿದೆ, ಇಡೀ ಊರು ಕಾಣುತ್ತದೆ. ಅಲ್ಲಿಂದ ಉಣಕಲ್ಲಿಗೆ ಬನ್ನಿ. ಕೆರೆ ಎಲ್ಲರೂ ನೋಡುತ್ತಾರೆ. ಊರೊಳಗಿನ ಚಂದ್ರಮೌಳೇಶ್ವರ ಗುಡಿಯನ್ನು ಬಹಳ ಜನ ನೋಡುವುದೇ ಇಲ್ಲ. ಚಾಲುಕ್ಯರ ಕಾಲದ ಗುಡಿ, ನಾಲ್ಕೂ ದಿಕ್ಕಿಗೆ ಬಾಗಿಲು. ಸುತ್ತ ಮನೆಗಳು ಒತ್ತಿಕೊಂಡು ನಿಂತಿವೆ, ಆದರೂ ಒಳಗೆ ಕಾಲಿಟ್ಟರೆ ತಣ್ಣಗೆ.

ಮಧ್ಯಾಹ್ನದ ಮುಂಚೆ ಸಿದ್ಧಾರೂಢ ಮಠಕ್ಕೆ ಹೋಗಿ. ಸಿದ್ಧಾರೂಢರು 1929ರಲ್ಲಿ ಐಕ್ಯರಾದರು. ಜಾತಿ-ಮತ ನೋಡದೆ ಎಲ್ಲರೂ ಬರುವ ಮಠ ಇದು. ದಾಸೋಹದಲ್ಲಿ ಕೂತು ಪ್ರಸಾದ ತೆಗೆದುಕೊಳ್ಳಿ. ನನ್ನ ಮಟ್ಟಿಗೆ ಹುಬ್ಬಳ್ಳಿ ಅರ್ಥವಾಗುವುದು ಆ ಪಂಕ್ತಿಯಲ್ಲಿ ಕೂತಾಗ.

ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನ್ಯತೆ ಇರುವ ಖಾದಿ ರಾಷ್ಟ್ರಧ್ವಜ ಇಲ್ಲಿ ತಯಾರಾಗುತ್ತದೆ. ಹೆಚ್ಚಿನ ಕೆಲಸ ಹೆಣ್ಣುಮಕ್ಕಳ ಕೈಯಲ್ಲೇ. ಅಳತೆ ಕೂದಲೆಳೆಯಷ್ಟೂ ತಪ್ಪಬಾರದು. ಒಳಗೆ ನೋಡಬೇಕಾದರೆ ಮೊದಲೇ ಅನುಮತಿ ಕೇಳಿ, ಕೆಲಸದ ಹೊತ್ತಿನಲ್ಲಿ ಅವರಿಗೆ ತೊಂದರೆ ಆಗಬಾರದು.

ಸಂಜೆ ತಿಂಡಿ ಅಂಗಡಿಗಳ ದುರ್ಗದ ಬೈಲ್. ಬೇರೆ ಎಲ್ಲಿಗೂ ಹೋಗದಿದ್ದರೂ ಇಲ್ಲಿಗೆ ಬನ್ನಿ.

ಧಾರವಾಡದಲ್ಲಿ?

ಧಾರವಾಡದಲ್ಲಿ ನೋಡುವುದಕ್ಕಿಂತ ಕೂರುವುದು ಜಾಸ್ತಿ. ಬೆಳಿಗ್ಗೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯಿರಿ, ಗುಲ್‌ಮೊಹರ್ ಹೂ ಕೆಳಗೆಲ್ಲ ಬಿದ್ದಿರುತ್ತದೆ. ಕರ್ನಾಟಕ ಕಾಲೇಜಿನ (ಕೆಸಿಡಿ) ಹಳೆಯ ಕಟ್ಟಡ ನೋಡಿ. ಅದು ಒಂದು ಕಾಲದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. ರೈಲು ಕಂಪನಿ ಹೋಯಿತು, ಕಾಲೇಜು ಬಂತು. 1917ರಲ್ಲಿ ಶುರುವಾದ ಈ ಕಾಲೇಜಿನಿಂದ ಉತ್ತರ ಕರ್ನಾಟಕದ ಎಷ್ಟು ಮನೆಗಳಿಗೆ ಮೊದಲ ಪದವೀಧರರು ಸಿಕ್ಕರು ಎಂದು ನೆನೆದರೆ ಆ ಮೆಟ್ಟಿಲ ಮೇಲೆ ಸುಮ್ನೆ ಕೂರಬೇಕು ಅನಿಸುತ್ತದೆ.

ಸಾಧನಕೇರಿಯ ಕೆರೆ ದಂಡೆ, ಪಕ್ಕದಲ್ಲೇ ಬೇಂದ್ರೆ ಭವನ. ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ಈಗ ಸ್ಮಾರಕ. ಹಾಡು ಕೇಳುವವರು ಆ ಮನೆಯಲ್ಲಿ ಒಂದು ಗಳಿಗೆ ಮೌನವಾಗಿ ನಿಲ್ಲಿ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಸಂಜೆ ಏನಾದರೂ ಕಾರ್ಯಕ್ರಮ ಇದೆಯಾ ಎಂದು ಹೋಗಿ ವಿಚಾರಿಸಿ. ಯಾರೂ ಟಿಕೆಟ್ ಕೇಳುವುದಿಲ್ಲ.

ಊರ ಹೊರಗೆ ಸೋಮೇಶ್ವರ ಗುಡಿ ಇದೆ. ಶಾಲ್ಮಲಾ ನದಿ ಹುಟ್ಟುವ ಜಾಗ. ಬೇಸಿಗೆಯಲ್ಲಿ ದೊಡ್ಡ ನೀರು ನಿರೀಕ್ಷಿಸಬೇಡಿ, ನೆರಳು ಮಾತ್ರ ಚೆನ್ನಾಗಿದೆ. ನುಗ್ಗಿಕೇರಿ ಹನುಮಪ್ಪನಿಗೆ ಶನಿವಾರ ಜನಸಂದಣಿ, ಬೇರೆ ದಿನ ಹೋಗಿ.

ಊಟ ಎಲ್ಲಿ, ಏನು?

ಖಾನಾವಳಿ ಎಂಬ ಫಲಕ ಕಂಡಲ್ಲಿ ಒಳಗೆ ಹೋಗಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಬೇಸಿಗೆಯಲ್ಲಿ ಮೊಸರು, ಉಳ್ಳಾಗಡ್ಡಿ ಬಿಡಬೇಡಿ. ರೊಟ್ಟಿ ಬಿಸಿಯದು ಬೇಕೋ ಕಟಕಲು (ಒಣಗಿಸಿದ ಗರಿಗರಿಯದು) ಬೇಕೋ ಎಂದು ಕೇಳುತ್ತಾರೆ. ರೂಢಿ ಇಲ್ಲದವರಿಗೆ ಬಿಸಿಯದು ಸುಲಭ.

ದುರ್ಗದ ಬೈಲಿನಲ್ಲಿ ಗಿರಮಿಟ್ಟು ತಿನ್ನಿ. ಚುರಮರಿಗೆ ಹುಣಸೆ-ಉಳ್ಳಾಗಡ್ಡಿ ಒಗ್ಗರಣೆ, ಪುಟಾಣಿ ಪುಡಿ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ. ಕಲಸಿದ ಕೂಡಲೇ ತಿನ್ನಬೇಕು, ಕಟ್ಟಿಸಿಕೊಂಡು ಹೋದರೆ ಮೆತ್ತಗಾಗುತ್ತದೆ. ಜೊತೆಗೆ ಮಿರ್ಚಿ. ಮಾಂಸದೂಟದವರಿಗೆ ಹುಬ್ಬಳ್ಳಿಯ ಸಾವಜಿ ಊಟ ಇದೆ. ಖಾರ ನಿಜವಾಗಿಯೂ ಖಾರ. ಬಿಸಿಲಿನ ಹೊತ್ತಿಗೆ ಬೇಡ, ರಾತ್ರಿ ಉಣ್ಣಿ.

ಮಾವಿನ ಹಣ್ಣು ಇನ್ನೂ ಸಿಗುತ್ತಾ?

ಸಿಗುತ್ತದೆ, ಈ ಪ್ರಶ್ನೆ ಕೇಳಿದರೆ ನನಗೆ ಖುಷಿ. ಧಾರವಾಡದ ಆಪೂಸ್ ತುಂಬ ಒಳ್ಳೆಯದು. ಕೆಲಗೇರಿ ಸುತ್ತ, ಕಲಘಟಗಿ ಕಡೆ ತೋಟಗಳಿವೆ. ಮೇ ತಿಂಗಳಲ್ಲಿ ತೋಟಗಾರಿಕೆ ಇಲಾಖೆಯವರು ಮಾವು ಮೇಳ ಮಾಡುವುದುಂಟು, ಅಲ್ಲಿ ಬೆಳೆದವರ ಕೈಯಿಂದಲೇ ಕೊಳ್ಳಬಹುದು.

ಕೊಳ್ಳುವಾಗ ಬಣ್ಣ ನೋಡಬೇಡಿ. ತೊಟ್ಟಿನ ಹತ್ತಿರ ಮೂಗಿಟ್ಟು ನೋಡಿ. ಹುಲ್ಲಿನಲ್ಲಿ ಹಣ್ಣು ಮಾಡಿದ್ದರೆ ಪರಿಮಳ ತಾನಾಗಿ ಬರುತ್ತದೆ. ಡಜನ್ ಲೆಕ್ಕದಲ್ಲಿ ಮಾರುತ್ತಾರೆ, ಸಾಲಿನ ಕೆಳಗಿನ ಹಣ್ಣನ್ನೂ ತೆಗೆಸಿ ನೋಡಿ. ಜೋರು ಮಳೆ ಎರಡು-ಮೂರು ಸಲ ಬಿದ್ದ ಮೇಲೆ ಹಣ್ಣಿನಲ್ಲಿ ಹುಳು ಕಾಣಿಸಿಕೊಳ್ಳುತ್ತದೆ. ಅದಕ್ಕೇ ನಮ್ಮ ಅವ್ವ ಮಿರಗ ಕೂಡಿದ ಮೇಲೆ ಮಾವು ಮನೆಗೆ ತರಲು ಬಿಡುತ್ತಿರಲಿಲ್ಲ. ಹಣ್ಣಿನ ಆಸೆಗೆ ಬರುವವರು ಮೇ ದಾಟಿಸಬೇಡಿ.

ಯಾರಾದರೂ ಮನೆಗೆ ಕರೆದರೆ ಸೀಕರಣೆ ಕೇಳಿ. ಜವಾರಿ ಹಣ್ಣಿನ ರಸ, ಹಾಲು, ಬೆಲ್ಲ ಅಥವಾ ಸಕ್ಕರೆ, ಏಲಕ್ಕಿ. ಚಪಾತಿ ಜೊತೆಗೂ ಸರಿ, ಹೋಳಿಗೆ ಜೊತೆಗೂ ಸರಿ. ಮಾವಿನಕಾಯಿ ಮತ್ತು ಬೆಲ್ಲದ ಗುಳಂಬ ಒಂದು ಬಾಟಲಿ ಸಿಕ್ಕರೆ ಬಿಡಬೇಡಿ.

ಪೇಡೆ ಎಲ್ಲಿ ತೆಗೆದುಕೊಳ್ಳಲಿ? ಕೆಡುವುದಿಲ್ಲವಾ?

ಹಳೆಯ ಹೆಸರು ಧಾರವಾಡದ ಲೈನ್ ಬಜಾರಿನ ಠಾಕೂರ್ ಅಂಗಡಿ. ಆ ಮನೆತನದ ಹಿರಿಯರು ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದವರು. ಮಿಶ್ರಾ ಪೇಡೆ ಊರ ತುಂಬ, ಬಸ್ ನಿಲ್ದಾಣದ ಹತ್ತಿರವೂ ಸಿಗುತ್ತದೆ. ಎರಡರ ರುಚಿ ಬೇರೆ ಬೇರೆ, ಪಾವು ಕಿಲೋ ತೆಗೆದುಕೊಂಡು ನೀವೇ ನೋಡಿ. ಲೈನ್ ಬಜಾರಿನಲ್ಲಿ ಸಾಲು ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಖೋವಾ ಚೆನ್ನಾಗಿ ಹುರಿದಿರುವುದರಿಂದ ಪೇಡೆ ಕೆಲವು ದಿನ ಇರುತ್ತದೆ. ಆದರೆ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಹೊರಡುವ ದಿನವೇ ಕೊಳ್ಳಿ.

ಗದಗ, ಲಕ್ಕುಂಡಿ ಒಂದೇ ದಿನದಲ್ಲಿ ಆಗುತ್ತಾ?

ಆಗುತ್ತದೆ. ಹುಬ್ಬಳ್ಳಿಯಿಂದ ಗದಗಕ್ಕೆ 60 ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ, ಅಲ್ಲಿಂದ ಲಕ್ಕುಂಡಿ ಹನ್ನೆರಡು. ಆದರೆ ಮೊದಲು ಲಕ್ಕುಂಡಿ, ಆಮೇಲೆ ಗದಗ. ಇದನ್ನು ನಾನು ಕಷ್ಟಪಟ್ಟು ಕಲಿತೆ.

ಒಂದು ವರ್ಷ ಮೇ ಕೊನೆಗೆ ಮೈಸೂರಿನ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋದೆ. ಗದಗದ ವೀರನಾರಾಯಣ, ತ್ರಿಕೂಟೇಶ್ವರ ಮುಗಿಸಿ ಲಕ್ಕುಂಡಿ ಮುಟ್ಟುವಾಗ ಹನ್ನೆರಡೂವರೆ. ಚಪ್ಪಲಿ ಬಿಟ್ಟು ಕಾಶಿ ವಿಶ್ವೇಶ್ವರ ಗುಡಿಯ ಅಂಗಳಕ್ಕೆ ಇಳಿದರೆ ಕಲ್ಲು ಹೆಂಚಿನ ಹಾಗೆ ಕಾದಿತ್ತು. ಎಪ್ಪತ್ತು ದಾಟಿದ ಅತ್ತೆ ಓಡುವಂತೆ ಹೆಜ್ಜೆ ಹಾಕಿದರು, ಅಂಗಾಲಿಗೆ ಬೊಬ್ಬೆ ಬಂತು. ಎರಡು ದಿನ ನಡೆಯಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ, ನನಗೇ ಇಂದಿಗೂ ನೋವು.

ಆದ್ದರಿಂದ ಏಳಕ್ಕೆಲ್ಲ ಲಕ್ಕುಂಡಿಯಲ್ಲಿರಿ. ದಪ್ಪ ಕಾಲುಚೀಲ ತನ್ನಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವೇಶ್ವರದ ಬಾಗಿಲವಾಡದ ಕೆತ್ತನೆ, ಮುಸುಕಿನ ಬಾವಿ, ಈ ಮೂರು ಸಾಕು. ಬಾವಿಯ ಮೆಟ್ಟಿಲು ಇಳಿಯುತ್ತ ಹೋದಂತೆ ಗಾಳಿ ತಂಪಾಗುತ್ತದೆ. ಬೇಸಿಗೆಗೆಂದೇ ಕಟ್ಟಿದ ಹಾಗಿದೆ. ಹತ್ತಕ್ಕೆ ಗದಗಕ್ಕೆ ಬಂದು ತ್ರಿಕೂಟೇಶ್ವರದ ನೆರಳಿನಲ್ಲಿ ನಿಂತು ಸರಸ್ವತಿ ಗುಡಿಯ ಕಂಬ ನೋಡಿ. ಮರಳುವಾಗ ಅಣ್ಣಿಗೇರಿಯ ಅಮೃತೇಶ್ವರ ದಾರಿಯಲ್ಲೇ ಇದೆ.

ಗದಗ ಜಿಲ್ಲೆಯ ಮಾಗಡಿ ಕೆರೆಯ ಹಕ್ಕಿಗಳು?

ಈಗ ಇಲ್ಲ. ಗೀರು ತಲೆಯ ಬಾತುಗಳು ಚಳಿಗಾಲಕ್ಕೆ ಬಂದು ಬೇಸಿಗೆಗೆ ಮುಂಚೆ ಹೋಗಿಬಿಡುತ್ತವೆ. ಡಿಸೆಂಬರ್-ಜನವರಿಯಲ್ಲಿ ಇನ್ನೊಮ್ಮೆ ಬನ್ನಿ.

ಹಾವೇರಿ ಕಡೆ ಏನಿದೆ?

ಮಕ್ಕಳಿದ್ದರೆ ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಹೆದ್ದಾರಿ ಪಕ್ಕದಲ್ಲೇ. ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಮಾಡಿದ್ದಾರೆ. ಸಂಜೆ ನಾಲ್ಕರ ಮೇಲೆ ಹೋಗಿ. ಶರೀಫರ ಶಿಶುನಾಳ, ಕನಕದಾಸರ ಕಾಗಿನೆಲೆ ಎರಡೂ ಆ ಜಿಲ್ಲೆಯಲ್ಲೇ ಇವೆ. ಅವನ್ನು ಅವಸರದಲ್ಲಿ ಮುಗಿಸಬೇಡಿ, ಬೇರೆ ದಿನ ಇಟ್ಟುಕೊಳ್ಳಿ.

ನೆಂಟರ ಮನೆಯಲ್ಲೇ ಇಳಿಯುತ್ತೇವೆ. ಏನಾದರೂ ಗಮನಿಸಬೇಕಾ?

ನೀರು. ಅವಳಿ ನಗರಕ್ಕೆ ಕುಡಿಯುವ ನೀರು ಬರುವುದು ಮುಖ್ಯವಾಗಿ ಮಲಪ್ರಭೆಯಿಂದ. ಕೆಲವು ಬಡಾವಣೆಯಲ್ಲಿ ದಿನವಿಡೀ ನೀರಿದೆ, ಬಹಳಷ್ಟು ಕಡೆ ಕೆಲವು ದಿನಕ್ಕೊಮ್ಮೆ. ಬೇಸಿಗೆ ಕೊನೆಗೆ ಇನ್ನೂ ಬಿಗಿ. ನಿಮ್ಮ ಅಕ್ಕನೋ ಅತ್ತಿಗೆಯೋ ನಿಮಗೆ ಹೇಳಲಾರರು, ಅದಕ್ಕೆ ನಾನು ಹೇಳುತ್ತೇನೆ. ಬಟ್ಟೆ ಒಗೆಯುವುದನ್ನು ಊರಿಗೆ ಹೋದ ಮೇಲೆ ಮಾಡಿ. ನೀರು ಬರುವ ದಿನ ತಿಳಿದುಕೊಂಡು, ಆ ಹೊತ್ತಿಗೆ ಕೊಡ ತುಂಬಲು ಕೈ ಜೋಡಿಸಿ.

ಮನೆಗೆ ಏನು ಕೊಳ್ಳಲಿ?

ಈ ತಿಂಗಳಲ್ಲಿ ಮಾಳಿಗೆ ಮೇಲೆಲ್ಲ ಹಪ್ಪಳ, ಸಂಡಿಗೆ, ಶಾವಿಗೆ ಒಣಗುತ್ತಿರುತ್ತವೆ. ಮಳೆ ಹಿಡಿಯುವ ಮುಂಚೆ ವರ್ಷದ ಖಾರವನ್ನೂ ಕುಟ್ಟಿಸುತ್ತೇವೆ. ಬ್ಯಾಡಗಿ ಮೆಣಸಿನಕಾಯಿ ಆರಿಸಿ ಕೊಂಡು, ಮಸಾಲೆ ಹುರಿದು, ಗಿರಣಿಗೆ ಕೊಡುವುದು. ಹೆಣ್ಣುಮಕ್ಕಳ ಸಂಘಗಳ ಅಂಗಡಿಗಳಲ್ಲಿ ಇವೆಲ್ಲ ತೂಕಕ್ಕೆ ಸಿಗುತ್ತವೆ. ಕಸೂತಿ ಸೀರೆ ಕೊಳ್ಳುವವರು ಹಿಂಬದಿ ತಿರುಗಿಸಿ ನೋಡಿ. ಕೈ ಕಸೂತಿಯ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ತರಹ ಕಾಣುತ್ತದೆ, ಗಂಟು ಇರುವುದಿಲ್ಲ.

ನಿಮ್ಮ ಕಡೆ ಕನ್ನಡ ನಮಗೆ ತಿಳಿಯುತ್ತಾ?

ಅರ್ಧ ದಿನದಲ್ಲಿ ತಿಳಿಯುತ್ತದೆ. ಜೋರಾಗಿ ಮಾತಾಡಿದರೆ ಸಿಟ್ಟು ಎಂದುಕೊಳ್ಳಬೇಡಿ. 'ರೀ' ಸೇರಿಸಿದರೆ ಗೌರವ. ಅಂಗಡಿಯ ಹಿರಿಯರನ್ನು ಕಾಕಾ ಅನ್ನಿ, ಹೆಣ್ಣುಮಕ್ಕಳನ್ನು ಅಕ್ಕಾರೆ ಅನ್ನಿ, ದಾರಿ ತೋರಿಸಲು ಜೊತೆಗೇ ನಡೆದು ಬರುತ್ತಾರೆ.

ಕಾರ ಹುಣ್ಣಿಮೆವರೆಗೆ ನಿಲ್ಲಬಹುದಾ?

ನಿಲ್ಲುವಷ್ಟು ರಜೆ ಇದ್ದರೆ ಖಂಡಿತ ನಿಲ್ಲಿ. ಜ್ಯೇಷ್ಠದ ಹುಣ್ಣಿಮೆ ಅದು, ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತದೆ. ಅಧಿಕ ಮಾಸದ ವರ್ಷ ತಿಂಗಳ ಕೊನೆಗೆ ಜಾರುತ್ತದೆ. ಹಳ್ಳಿಗಳಲ್ಲಿ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯುತ್ತಾರೆ, ಅಂದರೆ ಎತ್ತು ಓಡಿಸುತ್ತಾರೆ. ಎತ್ತುಗಳು ಓಡಿ ಬರುವ ದಾರಿಯಲ್ಲಿ ನಿಲ್ಲಬೇಡಿ, ಮಕ್ಕಳ ಕೈ ಬಿಡಬೇಡಿ. ಯಾವ ಬಣ್ಣದ ಎತ್ತು ಮೊದಲು ಬರುತ್ತದೆ ಎಂಬುದರ ಮೇಲೆ ಆ ವರ್ಷ ಬಿಳಿಜೋಳ ಚೆನ್ನಾಗಿ ಬರುತ್ತದೋ ಬೇರೆ ಬೆಳೆಯೋ ಎಂದು ಹಿರಿಯರು ಕಟ್ಟೆ ಮೇಲೆ ಕೂತು ಹೇಳುತ್ತಾರೆ. ಅವರ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತುಬಿಡಿ.